ಹೊಲ ಅಡ ಇಡುವ ಮುಂಚೆ ಡಿಪ್ಲೊಮಾದ ಲೆಕ್ಕ ಹಾಕಿ

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ಪಂಪ್‌ಸೆಟ್ಟಿನ ಸಾಲದ ಬಗ್ಗೆ ಈ ಸಭೆಗಳಲ್ಲಿ ಬೇಕಾದಷ್ಟು ಮಾತಾಡಿದ್ದೇವೆ. ಮಕ್ಕಳ ಓದಿಗೆ ಮಾಡುವ ಸಾಲದ ಬಗ್ಗೆ ಯಾರೂ ಬಾಯಿ ಬಿಡೋದಿಲ್ಲ. ಮರ್ಯಾದೆ ಪ್ರಶ್ನೆ ನೋಡಿ! ಇವತ್ತು ಅದನ್ನೇ ಮಾತಾಡೋಣ.

ಎಂಜಿನಿಯರಿಂಗಿಗೆ ದಾರಿ ಎರಡು. ಪಿಯುಸಿ 2 ವರ್ಷ, ಸಿಇಟಿ ಬರೆದು ಬಿ.ಇ. 4 ವರ್ಷ, ಇದು ಒಂದು. ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ, ಆಮೇಲೆ ಡಿಸಿಇಟಿ ಬರೆದು ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಿ ಮತ್ತೆ 3 ವರ್ಷ, ಇದು ಇನ್ನೊಂದು. ಬೆರಳು ಮಡಿಸಿ ಎಣಿಸಿ. ಅದೂ ಆರು, ಇದೂ ಆರು. ಹೀಗಿದ್ದೂ ಡಿಪ್ಲೊಮಾ ಅಂದರೆ ದಡ್ಡರ ಓದು ಅಂತ ಮೂಗು ಮುರಿಯುವವರಿದ್ದಾರೆ.

ವ್ಯತ್ಯಾಸ ಇರೋದು ನಡುವೆ. ಪಿಯುಸಿ ಮುಗಿಸಿದ ಹುಡುಗನಿಗೆ ರ‍್ಯಾಂಕ್ ಬರಲಿಲ್ಲ ಅನ್ನಿ, ಕೈಯಲ್ಲಿ ಕಸುಬಿಲ್ಲ. ಆಗಲೇ ಮ್ಯಾನೇಜ್‌ಮೆಂಟ್ ಸೀಟಿನ ದಲ್ಲಾಳಿ ಮನೆ ಬಾಗಿಲಿಗೆ ಬರೋದು. ಬ್ಯಾಂಕಿನವರು ಸಾಮಾನ್ಯವಾಗಿ 7.5 ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುತ್ತಾರೆ, ಅದೂ ಸಾಲದಿದ್ದರೆ ಬಡ್ಡಿ ಸಾಹುಕಾರ ಇದ್ದೇ ಇದ್ದಾನೆ. ಡಿಪ್ಲೊಮಾ ಆದವನು ಹಾಗಲ್ಲ. ಸರ್ಕಾರಿ ಪಾಲಿಟೆಕ್ನಿಕ್ಕಿನ ಫೀಜು ನಮ್ಮ ಕೈಗೆ ಎಟುಕುವಂಥದ್ದು. ಆ ವರ್ಷ ಮಳೆ ಕೈಕೊಟ್ಟರೆ, ರೇಟು ಬಿದ್ದುಹೋದರೆ, ಅವನು ಅಲ್ಲಿಗೇ ನಿಂತು ಕೆಲಸಕ್ಕೆ ಸೇರಬಹುದು. ಎರಡು ವರ್ಷ ದುಡಿದು ಆಮೇಲೆ ಡಿಸಿಇಟಿ ಬರೆದರೂ ಆಯಿತು.

ಹಾಗಂತ ಇದೇನೂ ಹೂವಿನ ಹಾಸಿಗೆ ಅಲ್ಲ. ಡಿಪ್ಲೊಮಾ ಹುಡುಗರು ಮುಗ್ಗರಿಸೋದು ಗಣಿತದಲ್ಲಿ. ಪಿಯುಸಿಯವರು ಎರಡು ವರ್ಷ, ಬಿ.ಇ. ಮೊದಲ ವರ್ಷ ಇನ್ನೊಂದು, ಹೀಗೆ ಮೂರು ವರ್ಷ ಗಣಿತ ಅರೆದು ಬಂದಿರುತ್ತಾರೆ. ಅವರ ಪಕ್ಕದಲ್ಲಿ ಇವನು ನಡುವೆ ಬಂದು ಕೂರಬೇಕು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಇಂಥವರಿಗೆಂದೇ ಹೆಚ್ಚುವರಿ ಗಣಿತದ ಎರಡು ಪತ್ರಿಕೆ ಇಟ್ಟಿದ್ದರು. ಕಾಯಿಲೆ ಇದೆ ಅಂತ ಅವರಿಗೂ ಗೊತ್ತು ಅಂತಾಯಿತು. ಕನ್ನಡ ಮಾಧ್ಯಮದ ಹುಡುಗನಿಗೆ ಇದರ ಮೇಲೆ ಇಂಗ್ಲಿಷಿನ ಕಾಟ ಬೇರೆ. ಕಾಲೇಜಿನಲ್ಲಿ ಗಟ್ಟಿಯಾಗಿದ್ದು ಬ್ಯಾಕ್‌ಲಾಗ್ ಮಾಡಿಕೊಂಡು ಕೂತರೆ ಆರು ವರ್ಷ ಏಳಾಗುತ್ತದೆ. ಆ ಒಂದು ವರ್ಷದ ಹಾಸ್ಟೆಲ್ ಖರ್ಚನ್ನು ಯಾವ ಬೆಂಬಲ ಬೆಲೆಯೂ ತುಂಬಿಕೊಡೋದಿಲ್ಲ.

ಇನ್ನೊಂದು ಮಾತು. ಡಿಸಿಇಟಿಯಲ್ಲೂ ರ‍್ಯಾಂಕ್ ಬೇಕು. ಒಳ್ಳೆಯ ಕಾಲೇಜಿನ ಸರ್ಕಾರಿ ಸೀಟು ಕೇಳಿದವರಿಗೆಲ್ಲ ಸಿಗೋದಿಲ್ಲ. ಸಿಗದಿದ್ದರೆ ಅದೇ ದಲ್ಲಾಳಿ ಮತ್ತೆ ಬರುತ್ತಾನೆ. ಆಗ "ಇಲ್ಲಪ್ಪ, ಹುಡುಗ ಕೆಲಸಕ್ಕೆ ಹೋಗ್ತಾನೆ" ಅನ್ನುವ ಧೈರ್ಯ ಅಪ್ಪನಿಗೆ ಇರಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಈ ಧೈರ್ಯ ನಮಗೆ ತಾನಾಗಿ ಬರುತ್ತದೆ, ಗಂಡುಮಗನ ಸೀಟಿಗೆ ಮಾತ್ರ ಪಹಣಿ ಹಿಡಿದು ಓಡುತ್ತೇವೆ. ಅದೂ ತಪ್ಪೇ.

ಈಗ ಮಾಡಬೇಕಾದ ಕೆಲಸ. ಗ್ರಾಮೀಣ ಮೀಸಲಾತಿ ಕೇಳುವವರಿಗೆ 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲೇ ಓದಿದ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಓ ಸಹಿ ಬೇಕು. ಸೀಟು ಹಂಚುವ ವಾರದಲ್ಲಿ ಆ ಕಚೇರಿ ಮುಂದೆ ಸಾಲು ನಿಲ್ಲಬೇಡಿ. ಮಕ್ಕಳು ಹತ್ತನೇ ಕ್ಲಾಸು ಬಿಡುವಾಗಲೇ ಮಾಡಿಸಿಟ್ಟುಕೊಳ್ಳಿ.