ಮಾಳಿಗೆಯ ಪದಕ್ಕೊಂದು ಚಿತ್ರ

ಕಳೆದ ತಿಂಗಳು ಐದಾರು ಮಂದಿ ಪದವಿ ವಿದ್ಯಾರ್ಥಿಗಳು ನಮ್ಮ ಮನೆಗೆ ಬಂದಿದ್ದರು. ಹಾವೇರಿಯವರು ಕೆಲವರು, ಉಳಿದವರು ರಾಣೆಬೆನ್ನೂರು, ಬ್ಯಾಡಗಿಗಳಿಂದ ದಿನವೂ ಬಸ್ಸಿನಲ್ಲಿ ಓಡಾಡುವವರು. ಕಾಲೇಜಿನ ಉತ್ಸವಕ್ಕಾಗಿ ಒಂದು ಹಾಡಿನ ವೀಡಿಯೊವನ್ನು ಅವರು ಸಿದ್ಧಪಡಿಸಬೇಕಾಗಿತ್ತು. ‘ನಾವು ಮೆಚ್ಚಿದ ಬ್ಯಾಂಡಿನ ಹಂಗ ಮಾಡಬೇಕಂತ ಅದೀವ್ರಿ ಸರ’ ಎಂದನೊಬ್ಬ. ಬ್ಯಾಂಡು ಎಂದೊಡನೆ ಮದುವೆಯ ಮೆರವಣಿಗೆಯ ತುತ್ತೂರಿ ನೆನಪಾಗುವ ಕಾಲದವನು ನಾನು. ಅವರು ಹೇಳಿದ್ದು ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ಬೆಂಗಳೂರಿನ ತಂಡವನ್ನು. ಆರಿಸಿಕೊಂಡ ಹಾಡು ಮಾತ್ರ ನಮ್ಮ ಶಿಶುನಾಳ ಶರೀಫರದು: ಮನೆಯ ಮಾಳಿಗೆ ಸೋರುವ ಆ ಪದ.

2008ರಲ್ಲಿ ಹೊರಬಂದ ಈ ತಂಡದ ಮೊದಲ ಧ್ವನಿಸಂಪುಟದಲ್ಲಿ ಆ ಪದವೂ ಗುಡುಗುಡಿಯ ಪದವೂ ಇವೆ. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಇವರು ಹಾಡಿ ಬಂದಿದ್ದಾರೆ. ಹುಡುಗರು ಮೊಬೈಲಿನಲ್ಲಿ ನನಗೆ ಕೇಳಿಸಿದರು. ಅನುಮಾನದಿಂದಲೇ ಕಿವಿಗೊಟ್ಟೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಗಿಟಾರಿನ ನಡುವೆಯೂ ಪದದ ಮಾತು ಮಸುಕಾಗಿರಲಿಲ್ಲ. ಹಾಡುವವನು ಅದನ್ನು ತನ್ನ ದುಃಖವೆಂದೇ ಹಾಡಿದ್ದ.

ಇನ್ನು ವಿದ್ಯಾರ್ಥಿಗಳ ಯೋಜನೆ. ಆ ತಂಡದವರಂತೆ ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಕುಣಿತ; ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ ಕೃಷ್ಣಮೃಗಗಳ ಓಟ. ಬ್ಯಾಡಗಿಯ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ಲೋಕವೇ ಬಲ್ಲ ಮಾತು. ಆದರೂ ಆ ಪೇಟೆಯಲ್ಲಿ ಕೆಮ್ಮದೆ ಹಾಡಬಲ್ಲವನನ್ನು ನಾನು ಕಾಣೆ! ನಿಮ್ಮ ವೀಡಿಯೊ ಕೂಡ ಬರಿಯ ಬಣ್ಣದ್ದಾಗದಿರಲಿ ಎಂದೆ. ನಕ್ಕರು.

ಮೆಚ್ಚಿದವರಿಂದ ಏನನ್ನು ಪಡೆಯಬೇಕು ಎಂಬುದೇ ಇಲ್ಲಿಯ ಪ್ರಶ್ನೆ. 1819ರಿಂದ 1889ರವರೆಗೆ ಬಾಳಿದ ಶರೀಫರು ಕಳಸದ ಗೋವಿಂದಭಟ್ಟರ ಶಿಷ್ಯರು. ಗುರುವಿನಿಂದ ಅವರು ಪಡೆದದ್ದು ಕಾಣುವ ಕಣ್ಣನ್ನು; ಆ ಕಣ್ಣಿನಿಂದ ನೋಡಿದ್ದು ತಮ್ಮ ಸುತ್ತಲಿನ ಗುಡುಗುಡಿಯನ್ನು, ಕೋಳಿಯನ್ನು, ಸೋರುವ ಮನೆಯನ್ನು. ಭಜನಾ ಮೇಳಗಳವರು ಏಕತಾರಿ, ತಾಳಗಳೊಡನೆ ಆ ಪದಗಳನ್ನು ಉಳಿಸಿಕೊಂಡು ಬಂದರು. ಸಿ. ಅಶ್ವತ್ಥ್ ಅವುಗಳನ್ನು ನಾಡಿನ ಮನೆಮನೆಗೆ ಮುಟ್ಟಿಸಿದರು. ನಾಗಾಭರಣರ 1990ರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ನೀಡಿದವರೂ ಅವರೇ. ಬೆಂಗಳೂರಿನ ಈ ತಂಡ ಅಶ್ವತ್ಥರ ದಾರಿಯನ್ನು ಬಿಟ್ಟು ತನ್ನದೊಂದು ದಾರಿ ಹಿಡಿಯಿತು. ಹಿಂದಿನವರ ಉಡುಗೆಯನ್ನು ಯಾರೂ ಎರವಲು ತರಲಿಲ್ಲ.

‘ಮಾಳಿಗೆ ಸೋರೂದನ್ನ ನೀವು ಕಂಡೀರೇನು?’ ಎಂದು ಕೇಳಿದೆ. ಎಲ್ಲರೂ ಸಿಮೆಂಟಿನ ಮನೆಯ ಮಕ್ಕಳು, ಯಾರೂ ಕಂಡಿರಲಿಲ್ಲ. ತೊಲೆಯ ಮೇಲೆ ಜಂತಿ ಜೋಡಿಸಿ, ಅದರ ಮೇಲೆ ಮಣ್ಣು ಹರವಿ ಬಡಿದ ಸಮತಟ್ಟಾದ ಮಾಡು ಅದು. ಮಳೆಗಾಲಕ್ಕೆ ಮುಂಚೆ ಮೇಲೇರಿ ಹೊಸ ಮಣ್ಣು ಹಾಕಿ ಬಿರುಕು ಮುಚ್ಚಬೇಕು. ಮೈಗಳ್ಳತನ ಮಾಡಿದರೆ ಆಷಾಢದ ರಾತ್ರಿಯೆಲ್ಲ ಹಾಸಿಗೆ ಸುತ್ತಿಕೊಂಡು ಮೂಲೆಯಿಂದ ಮೂಲೆಗೆ ಸರಿಯುತ್ತಿರಬೇಕು. ಬಾಲ್ಯದಲ್ಲಿ ನಾನೂ ಹಾಗೆ ಸರಿದವನೇ. ಶರೀಫರ ಪದದಲ್ಲಿ ಕತ್ತಲೆ ಕವಿದಿದೆ, ಮೇಲೇರಲು ಧೈರ್ಯವಿಲ್ಲ, ತೊಲೆ ಜಂತಿಗಳು ಹುಳುಕು ಹಿಡಿದಿವೆ. ಮನೆಯೆಂದರೆ ದೇಹ, ಸೋರಿಕೆಗೆ ಅಜ್ಞಾನವೇ ಕಾರಣ ಎಂದು ತರಗತಿಯಲ್ಲಿ ವರ್ಷವರ್ಷವೂ ಹೇಳಿದ್ದೇನೆ. ಆದರೆ ಮೊದಲು ಅದು ನಿಜವಾದ ಮನೆ. ಮೈ ನೆನೆದವನಿಗೇ ಒಳಗಿನ ಅರ್ಥ ತಟ್ಟುವುದು.

ನನ್ನನ್ನು ಕಸಿವಿಸಿಗೊಳಿಸಿದ ಸಂಗತಿ ಬೇರೆ. ಮೂರು ನಿಮಿಷಕ್ಕೆ ಹೊಂದಿಸಲೆಂದು ಅವರು ಕೊನೆಯ ನುಡಿಯನ್ನೇ ಕೈಬಿಟ್ಟಿದ್ದರು. ಹುಬ್ಬೆ ಮಳೆಯ ಮಾತು ಬರುವುದು ಅಲ್ಲಿಯೇ. ಮಾಳಿಗೆಯನ್ನು ಸೋರಿಸುವ ಮಳೆಯೇ ಅಲ್ಲಿ ಕರುಣೆಯಾಗಿ ಬರುತ್ತದೆ. ಶಿಶುನಾಳದ ಒಡೆಯನು ಕಾಯುವನೆಂಬ ನಂಬಿಕೆಯಲ್ಲಿ ಪದ ನಿಲ್ಲುತ್ತದೆ. ಅದನ್ನು ಕಳೆದರೆ ಉಳಿಯುವುದು ಬರಿಯ ಗೋಳು. ಅಂಕಿತವೂ ಹೋಯಿತು, ಅದರೊಡನೆ ಊರಿನ ಹೆಸರೂ ಹೋಯಿತು. ಶಿಶುನಾಳವೆಲ್ಲಿದೆ? ಶಿಗ್ಗಾವಿ ತಾಲ್ಲೂಕಿನಲ್ಲಿ, 1997ರಲ್ಲಿ ಧಾರವಾಡದಿಂದ ಬೇರೆಯಾದ ಇದೇ ಹಾವೇರಿ ಜಿಲ್ಲೆಯಲ್ಲಿ. ಪರದೇಶದವರೆಗೆ ಹೋದ ಪದದಿಂದ ಈ ಜಿಲ್ಲೆಯ ಮಕ್ಕಳೇ ತಮ್ಮೂರ ಹೆಸರನ್ನು ಅಳಿಸುವುದೆ?

ನನ್ನ ದನಿ ತುಸು ಏರಿತ್ತೆಂದು ತೋರುತ್ತದೆ. ಮಕ್ಕಳು ಸುಮ್ಮನಾದರು. ಬಳಿಕ ಬ್ಯಾಡಗಿಯ ಹುಡುಗಿಯೊಬ್ಬಳು ಮೆಲ್ಲನೆ, ‘ಮೋಟೆಬೆನ್ನೂರಾಗ ನಮ್ಮ ಅಜ್ಜಿ ಮನಿ ಮಾಳಗಿ ಇನ್ನೂ ಹಂಗ ಐತ್ರಿ ಸರ, ಅಜ್ಜಿನ್ನ ಕೇಳಿ ನೋಡ್ತೀನ್ರಿ’ ಎಂದಳು.

ಅಜ್ಜಿ ಒಪ್ಪಿದ್ದಾರಂತೆ. ಲುಂಗಿ ಗೆಜ್ಜೆಗಳನ್ನು ಕೈಬಿಟ್ಟಿದ್ದಾರೆ. ಕೃಷ್ಣಮೃಗಗಳನ್ನು ಬಿಡಲು ರಾಣೆಬೆನ್ನೂರಿನವರು ಇನ್ನೂ ಒಪ್ಪಿಲ್ಲ. ಮೊದಲ ನುಡಿಗಳ ಚಿತ್ರಣ ಮುಗಿದಿದೆ. ಕೊನೆಯ ನುಡಿಗೆ ಮಾತ್ರ ಕೊಳಾಯಿಯ ನೀರು ಚಿಮುಕಿಸುವುದು ಬೇಡವೆಂದು ತಾವೇ ತೀರ್ಮಾನಿಸಿ, ಆಗಸ್ಟ್ ಕೊನೆಗೆ ಹೂಡುವ ಹುಬ್ಬೆ ಮಳೆಗಾಗಿ ಕಾದಿದ್ದಾರೆ.