ನಗೆ ಅನಿಲ ಮತ್ತು ಎಂಜಿನ್ನಿನ ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದ ನಿಮಿತ್ತ ಕುಂದಗೋಳದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ವೇದಿಕೆಗೆ ಸಾಮಾನ್ಯವಾಗಿ ಪ್ರೊಫೆಸರರನ್ನೋ ಡಾಕ್ಟರರನ್ನೋ ಕರೆಯುವುದು ರೂಢಿ. ಈ ಸಲ ಉಗುರಿನ ಸಂದಿಯಲ್ಲಿ ಗ್ರೀಸು ಉಳಿದುಕೊಂಡಿರುವ ಒಬ್ಬ ಮಿಸ್ತ್ರಿಯನ್ನು ಕರೆದಿದ್ದೀರಿ. ಯಾವ ವಿಷಯ ಮಾತಾಡಲಿ ಎಂದು ಯೋಚಿಸುತ್ತಿದ್ದಾಗ ಓಣಿಯ ಇಬ್ಬರು ಹುಡುಗರು ಬಂದು ಕೇಳಿದರು: "ಮಾಮೂ, ಸಿನಿಮಾದಾಗ ಬಟನ್ ಒತ್ತಿದ ಕೂಡ್ಲೆ ಕಾರು ಹಾರತದಲ್ರೀ, ಅದು ಖರೆ ಏನ್ರೀ?" ಅಲ್ಲಿಗೆ ವಿಷಯ ಸಿಕ್ಕಿತು.

ಅದು ಖರೆ. ಆದರೆ ಸಿನಿಮಾದಲ್ಲಿ ತೋರಿಸುವಷ್ಟು ಸುಲಭವಲ್ಲ. 2001ರಲ್ಲಿ 'ದಿ ಫಾಸ್ಟ್ ಅಂಡ್ ದಿ ಫ್ಯೂರಿಯಸ್' ಎಂಬ ಇಂಗ್ಲಿಷ್ ಸಿನಿಮಾ ಬಂದ ಮೇಲೆ ನಮ್ಮ ಹುಡುಗರ ಬಾಯಲ್ಲೂ 'ನೈಟ್ರಸ್' ಎಂಬ ಶಬ್ದ ಓಡಾಡತೊಡಗಿತು. ಅದರ ಪೂರ್ಣ ಹೆಸರು ನೈಟ್ರಸ್ ಆಕ್ಸೈಡ್. ಎರಡು ನೈಟ್ರೋಜನ್ ಪರಮಾಣುವಿಗೆ ಒಂದು ಆಕ್ಸಿಜನ್ ಪರಮಾಣು. ನೀವು ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಹೊರಗೆ ನೀಲಿ ಸಿಲಿಂಡರು ನೋಡಿದ್ದರೆ, ಅದರಲ್ಲಿರುವುದು ಇದೇ. ಇಂಗ್ಲೆಂಡಿನ ಹಂಫ್ರಿ ಡೇವಿ 1799ರಲ್ಲಿ ಇದನ್ನು ತಾನೇ ಉಸಿರಾಡಿ ನೋಡಿ, ಮರುವರ್ಷ ಅದರ ಮೇಲೊಂದು ಪುಸ್ತಕ ಬರೆದ. ನಗು ಬರುತ್ತದೆಂದು ನಗೆ ಅನಿಲ ಎಂಬ ಹೆಸರು ಬಿತ್ತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಎತ್ತರದಲ್ಲಿ ಹಾರುವ ಯುದ್ಧವಿಮಾನಗಳ ಎಂಜಿನ್ನಿಗೆ ಇದನ್ನೇ ಊಡಿಸಿದರು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ, ಎಂಜಿನ್ನಿಗೆ ಉಸಿರು ಸಾಲುವುದಿಲ್ಲ, ಅದಕ್ಕಾಗಿ. ಯುದ್ಧ ಮುಗಿದ ಮೇಲೆ ಅಮೆರಿಕದ ರೇಸಿನವರು ಹಿಡಿದರು. 1976ರ ಡೇಟೋನಾ ರೇಸಿನ ಅರ್ಹತಾ ಸುತ್ತಿನಲ್ಲಿ ಹೆಸರಾಂತ ಚಾಲಕರ ವೇಗವನ್ನೇ ಈ ಅನಿಲದ ಕಾರಣಕ್ಕೆ ರದ್ದು ಮಾಡಿದ್ದುಂಟು.

ಇಲ್ಲಿ ಎಲ್ಲರೂ ತಪ್ಪು ತಿಳಿಯುವ ಮಾತೊಂದಿದೆ. ನೈಟ್ರಸ್ ಪೆಟ್ರೋಲಿನಂತೆ ಉರಿಯುವ ವಸ್ತುವಲ್ಲ. ಅದು ಆಕ್ಸಿಜನ್ ಹೊತ್ತು ತರುವ ಗಾಡಿ ಅಷ್ಟೇ. ಸಿಲಿಂಡರಿನ ಒಳಗೆ ಬಿಸಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಣು ಒಡೆದು ಆಕ್ಸಿಜನ್ ಬಿಡುಗಡೆಯಾಗುತ್ತದೆ. ನಾವು ಉಸಿರಾಡುವ ಗಾಳಿಯ ತೂಕದಲ್ಲಿ ಆಕ್ಸಿಜನ್ ನೂರಕ್ಕೆ 23 ಪಾಲು. ನೈಟ್ರಸ್ಸಿನಲ್ಲಿ 36 ಪಾಲು. ಮೇಲಾಗಿ ದ್ರವವಾಗಿ ಬಂದು ಆವಿಯಾಗುವಾಗ ಒಳಹೋಗುವ ಗಾಳಿಯನ್ನು ತಂಪು ಮಾಡುತ್ತದೆ. ತಂಪು ಗಾಳಿ ದಟ್ಟ, ಒಂದೇ ಜಾಗದಲ್ಲಿ ಹೆಚ್ಚು ಹಿಡಿಸುತ್ತದೆ.

"ಹಂಗಾದ್ರ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಸಿಲಿಂಡರನ್ನೇ ಜೋಡಿಸಿದ್ರ?" ಎಂದು ಕೇಳಿದವರೂ ಇದ್ದಾರೆ. ದಯವಿಟ್ಟು ಬೇಡ. ಒತ್ತಡದ ಆಕ್ಸಿಜನ್ನಿಗೆ ಎಣ್ಣೆ, ಗ್ರೀಸು ತಾಗಿದರೆ ಕಿಡಿಯೇ ಬೇಕಿಲ್ಲ, ಹೊತ್ತಿಕೊಳ್ಳುತ್ತದೆ. ನೈಟ್ರಸ್ಸಿನಲ್ಲಿರುವ ನೈಟ್ರೋಜನ್ ಉರಿಯ ಕಾವನ್ನು ಸ್ವಲ್ಪ ತಡೆದು ಹಿಡಿಯುತ್ತದೆ. ಶುದ್ಧ ಆಕ್ಸಿಜನ್ನಿಗೆ ಆ ಲಗಾಮು ಇಲ್ಲ.

ಇನ್ನು ಲೆಕ್ಕ. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಅದೇ ಪೆಟ್ರೋಲಿಗೆ ನೈಟ್ರಸ್ ಆದರೆ ಸುಮಾರು 9.6 ಕಿಲೋ ಸಾಕು. ತಿರುಗಿಸಿ ಹೇಳಿದರೆ, ಒಂದು ಕಿಲೋ ಗಾಳಿಗೆ ಕೊಡುವ ಪೆಟ್ರೋಲಿಗಿಂತ ಒಂದೂವರೆ ಪಾಲು ಪೆಟ್ರೋಲನ್ನು ಒಂದು ಕಿಲೋ ನೈಟ್ರಸ್ಸಿಗೆ ಕೊಡಬೇಕು. ಅನುಭವಸ್ಥರು ಇನ್ನೂ ಸ್ವಲ್ಪ ಹೆಚ್ಚೇ ಕೊಡುತ್ತಾರೆ. ಹೆಚ್ಚಾದರೆ ಹೊಗೆ ಬಂದೀತು, ಪಿಕಪ್ ಕಡಿಮೆಯಾದೀತು. ಕಡಿಮೆಯಾದರೆ ಪಿಸ್ಟನ್ ಕರಗುತ್ತದೆ.

ಕರಗುತ್ತದೆ ಎಂಬುದನ್ನು ಪುಸ್ತಕ ಓದಿ ಹೇಳುತ್ತಿಲ್ಲ.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹುಬ್ಬಳ್ಳಿಯಲ್ಲಿ ನನ್ನ ಗ್ಯಾರೇಜು. ನನ್ನ ಅಕ್ಕನ ಮಗ ಒಂಬತ್ತನೇ ಇಯತ್ತೆಯ ಪರೀಕ್ಷೆಯಲ್ಲಿ ಗಣಿತಕ್ಕೆ ಬಿದ್ದು ಮನೆಯಲ್ಲಿ ಕೂತಿದ್ದ. ಅಕ್ಕ ಮತ್ತೆ ಶಾಲೆಗೆ ಕಳಿಸುತ್ತೇನೆಂದಳು. ನಾನೇ ದೊಡ್ಡ ಮನುಷ್ಯನಂತೆ, "ಕೈಗೆ ಕೆಲಸ ಹತ್ತಿದ್ರ ಆತಕ್ಕಾ, ನಾನೇನ್ ಕಾಲೇಜ್ ಕಲ್ತೀನಿ?" ಎಂದು ಅವನನ್ನು ಕರೆದುಕೊಂಡು ಹೋದೆ. ಮೂರ್ನಾಲ್ಕು ವರ್ಷದಲ್ಲಿ ಒಳ್ಳೆಯ ಕೈ ಆದ. ಎಂಜಿನ್ನಿನ ಸದ್ದು ಕೇಳಿಯೇ ಯಾವ ಪ್ಲಗ್ ಹಿಡಿಯುತ್ತಿಲ್ಲ ಎಂದು ಹೇಳುತ್ತಿದ್ದ.

ಆಗ ಒಬ್ಬ ಗಿರಾಕಿ ಪರದೇಶದಿಂದ ತಂದ 50 ಅಶ್ವಶಕ್ತಿಯ ನೈಟ್ರಸ್ ಕಿಟ್ ಹಿಡಿದು ಬಂದ. ಗಾಡಿ ಹೋಂಡಾ ಸಿಟಿ. ನೋಂದಣಿ ಇರುವ ಗಾಡಿಗೆ ಹೀಗೆ ಮಾಡುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆಗಲೂ ತಪ್ಪೇ. ಜನವರಿ 2019ರಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನು ಇನ್ನಷ್ಟು ಬಿಗಿಯಾಗಿ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ಇಂಥ ಪ್ರತಿ ಬದಲಾವಣೆಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಸಿಲಿಂಡರಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಬೇರೆ. ನಾನು ಕಾಯ್ದೆ ನೋಡಲಿಲ್ಲ, ಕೂಲಿ ನೋಡಿದೆ.

ಜೋಡಣೆಯಲ್ಲಿ ನಾವು ತಪ್ಪಲಿಲ್ಲ, ಅದನ್ನು ಹೇಳಲೇಬೇಕು. ಸಿಲಿಂಡರು ಡಿಕ್ಕಿಯಲ್ಲಿ. ಅದರ ವಾಲ್ವ್ ಗಾಡಿಯ ಮುಂದಿನ ಕಡೆಗೆ ಇದ್ದು ಸ್ವಲ್ಪ ಮೇಲೆದ್ದಿರಬೇಕು, ಹೆಸರಿನ ಚೀಟಿ ಮೇಲ್ಮುಖವಾಗಿರಬೇಕು. ಯಾಕೆಂದರೆ ಒಳಗೊಂದು ಕೊಳವೆ ತಳದವರೆಗೆ ಬಾಗಿ ಹೋಗಿರುತ್ತದೆ. ಗಾಡಿ ಮುನ್ನುಗ್ಗುವಾಗ ದ್ರವ ಹಿಂದಕ್ಕೆ ಸರಿದರೂ ಆ ಕೊಳವೆಗೆ ದ್ರವವೇ ಸಿಗಬೇಕು, ಆವಿಯಲ್ಲ. ಅಲ್ಲಿಂದ ಉಕ್ಕಿನ ಹೆಣಿಗೆಯ ಪೈಪು, ಸೈಲೆನ್ಸರಿನ ಕಾವು ತಾಗದಂತೆ, ಬಾನೆಟ್ಟಿನವರೆಗೆ. ಅಲ್ಲಿ ಎರಡು ಸೊಲೆನಾಯ್ಡ್, ಒಂದು ನೈಟ್ರಸ್ಸಿಗೆ, ಒಂದು ಪೆಟ್ರೋಲಿಗೆ. ಎರಡರ ಮುಂದೆಯೂ ಸೂಜಿಯ ಮೊನೆಯಷ್ಟು ತೂತಿನ ಹಿತ್ತಾಳೆಯ ಜೆಟ್. ಎರಡೂ ಒಂದೇ ನಾಜಲ್ಲಿನಲ್ಲಿ ಕೂಡಿ ಥ್ರಾಟಲಿನ ಮುಂಚೆ ಗಾಳಿಯೊಳಗೆ ಸಿಂಪಡಿಸುತ್ತವೆ. ಇದಕ್ಕೆ ಒದ್ದೆ ಪದ್ಧತಿ ಎನ್ನುತ್ತಾರೆ. ನೈಟ್ರಸ್ ಮಾತ್ರ ಸಿಂಪಡಿಸಿ, ಹೆಚ್ಚಿನ ಪೆಟ್ರೋಲನ್ನು ಗಾಡಿಯ ಸ್ವಂತ ಇಂಜೆಕ್ಟರುಗಳಿಂದ ಕೊಡಿಸುವುದು ಒಣ ಪದ್ಧತಿ.

ಕರೆಂಟಿನ ಕೆಲಸದಲ್ಲಿ ಮೂರು ಬಾಗಿಲು ಇಡಬೇಕು. ಚಾಲಕನ ಕೈಯ ಸ್ವಿಚ್ಚು ಒಂದು. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಮಾತ್ರ ಒತ್ತುವ ಸ್ವಿಚ್ಚು ಇನ್ನೊಂದು. ಎಂಜಿನ್ನಿನ ಸುತ್ತು ನಿಮಿಷಕ್ಕೆ 3,000 ದಾಟಿದ ಮೇಲೆ ತೆರೆದು, ಕೆಂಪು ಗೆರೆಗೆ ಮುಂಚೆ ಮುಚ್ಚುವುದು ಮೂರನೆಯದು. ಮೂರೂ ತೆರೆದರಷ್ಟೇ ರಿಲೇ ಎದ್ದು ಸೊಲೆನಾಯ್ಡಿಗೆ ಕರೆಂಟು ಹೋಗಬೇಕು. ನಿಧಾನ ಸುತ್ತಿನಲ್ಲಿ ನೈಟ್ರಸ್ ಬಿಟ್ಟರೆ ಅದು ಇಂಟೇಕಿನಲ್ಲಿ ಗುಂಪುಗೂಡಿ ಸಿಡಿಯುತ್ತದೆ. ಪ್ಲಗ್ ಒಂದು ಮೆಟ್ಟಿಲು ತಂಪಿನದು ಹಾಕಬೇಕು. ಉರಿ ಬೇಗ ಹರಡುವುದರಿಂದ ಟೈಮಿಂಗನ್ನು ಪ್ರತಿ 50 ಅಶ್ವಶಕ್ತಿಗೆ ಎರಡು ಡಿಗ್ರಿಯಷ್ಟು ಹಿಂದೆ ಸರಿಸಬೇಕು. ಇಷ್ಟೂ ಮಾಡಿದೆವು.

ಏಪ್ರಿಲ್ ತಿಂಗಳು. ಗಾಡಿಯನ್ನು ಮಧ್ಯಾಹ್ನವೆಲ್ಲ ಅಂಗಳದ ಬಿಸಿಲಿನಲ್ಲಿ ನಿಲ್ಲಿಸಿದ್ದೆವು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತು, ಮೆಣಸಿನಕಾಯಿ ಒಣಹಾಕಿದರೆ ಎರಡು ದಿನಕ್ಕೆ ಕಟಕಟ ಎನ್ನುತ್ತದೆ. ಸಂಜೆ ಎಂಜಿನ್ ಚಾಲೂ ಮಾಡಿ, ಊರ ಹೊರಗೆ ಒಯ್ದು, ಮೂರನೇ ಗಿಯರಿನಲ್ಲಿ ಗಿರಾಕಿ ಬಟನ್ ಒತ್ತಿದ. ಬೆನ್ನು ಸೀಟಿಗೆ ಅಂಟಿತು. ಆರೇಳು ಸೆಕೆಂಡ್ ಅಷ್ಟೇ. ಕಲ್ಲು ತುಂಬಿದ ಡಬ್ಬಿ ಅಲ್ಲಾಡಿಸಿದಂಥ ಸದ್ದು, ಆಮೇಲೆ ನೀಲಿ ಹೊಗೆ. ಪ್ಲಗ್ ಬಿಚ್ಚಿ ನೋಡಿದರೆ ಬಿಳಿ ಪಿಂಗಾಣಿಯ ಮೇಲೆ ಬೆಳ್ಳಿಯ ಸಣ್ಣ ಚುಕ್ಕೆಗಳು. ಅದು ಬೆಳ್ಳಿಯಲ್ಲ, ಪಿಸ್ಟನ್ನಿನ ಅಲ್ಯೂಮಿನಿಯಂ.

ಅಷ್ಟರಲ್ಲಿ ಗಾಬರಿಯಲ್ಲಿ ಅಕ್ಕನ ಮಗ ಪಾನಾ ಹಿಡಿದು ನೈಟ್ರಸ್ ಪೈಪನ್ನೇ ಸಡಿಲಿಸಿದ. ಸಿಲಿಂಡರಿನ ವಾಲ್ವ್ ಮುಚ್ಚಿರಲಿಲ್ಲ, ಪೈಪು ಖಾಲಿ ಮಾಡಿರಲಿಲ್ಲ. ಹೊರಬಿದ್ದ ದ್ರವ ಶೂನ್ಯಕ್ಕಿಂತ 88 ಡಿಗ್ರಿ ಕೆಳಗೆ ಕುದಿಯುವಂಥದು. ಬಲಗೈಯ ಎರಡು ಬೆರಳು ಸುಣ್ಣದಂತೆ ಬಿಳಿಯಾದವು. ಸುಟ್ಟ ಗಾಯಕ್ಕಿಂತ ಅದು ಬೇರೆಯೇನಲ್ಲ. ಆಸ್ಪತ್ರೆಯಲ್ಲಿ ಅಕ್ಕ ನನ್ನ ಮುಖ ನೋಡಲಿಲ್ಲ. "ಸಾಲೀನೂ ಹೋತು, ಈಗ ಬಳ್ಳೂ ಹೋತು" ಎಂದಷ್ಟೇ ಅಂದಳು. ಬೆರಳು ಉಳಿದವು. ಚರ್ಮ ಬರಲು ಎರಡು ತಿಂಗಳು ಹಿಡಿಯಿತು.

ತಪ್ಪು ಎಲ್ಲಿ? ಕಿಟ್ಟಿನ ಪೆಟ್ಟಿಗೆಯ ತಳದಲ್ಲಿ ಮಡಚಿಟ್ಟ ಒಂದು ಹಾಳೆ ಇತ್ತು. ಗ್ಯಾರೇಜಿನಲ್ಲಿ ಇಂಗ್ಲಿಷ್ ಅಲ್ಪಸ್ವಲ್ಪ ಓದಬಲ್ಲವನು ನಾನೊಬ್ಬನೇ, ನಾನೂ ಬಿಚ್ಚಿರಲಿಲ್ಲ. ಅದರಲ್ಲಿ ಉಷ್ಣತೆ ಮತ್ತು ಒತ್ತಡದ ಕೋಷ್ಟಕ. 21 ಡಿಗ್ರಿಯಲ್ಲಿ ಸಿಲಿಂಡರಿನ ಒತ್ತಡ ಚದರಿಂಚಿಗೆ ಸುಮಾರು 750 ಪೌಂಡ್. ಜೆಟ್ಟುಗಳ ಅಳತೆಯನ್ನು ತಯಾರಕರು ನಿರ್ಧರಿಸಿದ್ದು 900ರಿಂದ 1,000 ಪೌಂಡಿಗೆ. 36.4 ಡಿಗ್ರಿಯಲ್ಲಿ ಅದು 1,050 ದಾಟುತ್ತದೆ. ಆ 36.4 ಡಿಗ್ರಿ ನೈಟ್ರಸ್ಸಿನ ಕ್ರಾಂತಿಕ ಉಷ್ಣತೆ. ಅದರ ಮೇಲೆ ಎಷ್ಟು ಅದುಮಿದರೂ ಅದು ದ್ರವವಾಗಿ ಉಳಿಯುವುದಿಲ್ಲ, ಒತ್ತಡ ಮಾತ್ರ ಸರಸರ ಏರುತ್ತದೆ. ತಂಪು ದೇಶದವರಿಗೆ ಸಿಲಿಂಡರನ್ನು ಬಿಸಿ ಮಾಡುವ ಚಿಂತೆ. ನಮ್ಮ ಏಪ್ರಿಲ್ ನೆರಳಿನಲ್ಲೇ ಆ ಗಡಿ ಮುಟ್ಟುತ್ತದೆ, ಮುಚ್ಚಿದ ಡಿಕ್ಕಿಯ ಮಾತು ಬೇರೆಯೇ. ನೈಟ್ರಸ್ ಹೆಚ್ಚಿನ ಒತ್ತಡದಿಂದ ನುಗ್ಗಿತು, ಪೆಟ್ರೋಲು ತನ್ನ ಹಳೆಯ ಒತ್ತಡದಲ್ಲೇ ಬಂತು. ಒಂದೂವರೆ ಪಾಲಿನ ಲೆಕ್ಕ ಅಲ್ಲಿ ತಪ್ಪಿತು.

ಇಂಥದನ್ನು ಬಲ್ಲವರಿಗೂ ಈ ಅನಿಲ ಪಾಠ ಕಲಿಸಿದೆ. ಜುಲೈ 2007ರಲ್ಲಿ ಅಮೆರಿಕದ ಮೊಹಾವೆಯಲ್ಲಿ, ಬಾಹ್ಯಾಕಾಶ ವಿಮಾನ ಕಟ್ಟುತ್ತಿದ್ದ ಸ್ಕೇಲ್ಡ್ ಕಾಂಪೋಸಿಟ್ಸ್ ಕಂಪನಿಯವರು ಬೆಂಕಿಯನ್ನೇ ಹಚ್ಚದೆ ಬರೀ ನೈಟ್ರಸ್ ಹರಿಸಿ ನೋಡುವ ಪರೀಕ್ಷೆಯಲ್ಲಿದ್ದಾಗ ಟ್ಯಾಂಕು ಸಿಡಿದು ಮೂವರು ಸತ್ತರು. ಅವರು ದೊಡ್ಡ ಎಂಜಿನಿಯರರು. ಹಾಗಾದರೆ ನಾವು ಎಷ್ಟು ಜಾಗ್ರತೆ ಇರಬೇಕು?

ಇನ್ನೊಂದು ಮಾತು ಸಂಘದ ಹಿರಿಯರಿಗೆ. ನವೆಂಬರ್ 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯಲ್ಲಿ ನಮ್ಮ ಜನ ಹೆಚ್ಚಾಗಿ ಇರುವ ಕಸುಬುಗಳ ಪಟ್ಟಿಯಲ್ಲಿ ವಾಹನ ದುರಸ್ತಿಯೂ ಇದೆ. ಅದು ನಾಚಿಕೆಯ ಮಾತಲ್ಲ, ನಾನು ಅದರಲ್ಲೇ ಮನೆ ಕಟ್ಟಿದ್ದೇನೆ. ಆದರೆ ನಾನು ಕಲಿತ ಕಾಲದ ಕಾರ್ಬುರೇಟರು ಕಿವಿಗೆ, ಮೂಗಿಗೆ ಅರ್ಥವಾಗುತ್ತಿತ್ತು. ಇಂದಿನ ಎಂಜಿನ್ನು ದಶಾಂಶದಲ್ಲಿ ಮಾತಾಡುತ್ತದೆ. ಶಾಲೆ ಬಿಡಿಸಿ ಗ್ಯಾರೇಜಿಗೆ ಕರೆದೊಯ್ಯುವ ನನ್ನಂಥ ಮಾಮೂಗಳು ಇನ್ನೂ ಇದ್ದಾರೆ, ನಿಮ್ಮಲ್ಲೇ ಕೂತಿದ್ದಾರೆ.

ಆ ಹುಡುಗನ ಕತೆ ಅಲ್ಲಿಗೆ ನಿಲ್ಲಲಿಲ್ಲ. ಕೈಗೆ ಬ್ಯಾಂಡೇಜು ಇದ್ದ ಎರಡು ತಿಂಗಳು ಅವನು ಆ ಹಾಳೆಯನ್ನೇ ಹಿಡಿದು ಕೂತ. ಜೆಟ್ಟಿನ ತೂತಿನ ವ್ಯಾಸ ಇಮ್ಮಡಿಯಾದರೆ ಹರಿವು ನಾಲ್ಕು ಪಟ್ಟು ಯಾಕೆ ಎಂದು ಕೇಳಿದ. ನನಗೆ ಹೇಳಲು ಬರಲಿಲ್ಲ. ಓಣಿಯ ಶಾಲೆಯ ಮೇಷ್ಟ್ರ ಬಳಿ ಕಳಿಸಿದೆ, ಅವರು ವೃತ್ತದ ಕ್ಷೇತ್ರಫಲದಿಂದ ಶುರು ಮಾಡಿದರು. ಮರುವರ್ಷ ಖಾಸಗಿಯಾಗಿ ಕಟ್ಟಿ ಹತ್ತನೇ ಇಯತ್ತೆ ಪಾಸಾದ, ಆಮೇಲೆ ಐಟಿಐ, ಆಮೇಲೆ ಡಿಪ್ಲೊಮಾ. ಈಗ ಬೆಂಗಳೂರಿನಲ್ಲಿ ರೇಸಿನ ಗಾಡಿಗಳ ಕೆಲಸ ಮಾಡುತ್ತಾನೆ, ರಸ್ತೆಗೆ ಇಳಿಸದ ಗಾಡಿಗಳು ಮಾತ್ರ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಹೇಳುತ್ತೇನೆ, ಕಾಲೇಜು ಹುಡುಗರ ಫಾರ್ಮುಲಾ ಸ್ಪರ್ಧೆಯ ನಿಯಮದಲ್ಲಿ ಇಂಧನ ಮತ್ತು ಗಾಳಿ ಬಿಟ್ಟು ಬೇರೇನನ್ನೂ ಎಂಜಿನ್ನಿನೊಳಗೆ ಬಿಡುವಂತಿಲ್ಲ, ಆದ್ದರಿಂದ ಅಲ್ಲಿ ನೈಟ್ರಸ್ ಕನಸು ಬೇಡ.

ಹೋದ ಬೇಸಿಗೆಯಲ್ಲಿ ನಾನು ಅವನಲ್ಲಿಗೆ ಹೋಗಿದ್ದೆ. ಒಂದು ರೇಸಿನ ಗಾಡಿಯನ್ನು ಡೈನೋ ಯಂತ್ರದ ಮೇಲೆ ಕಟ್ಟಿ ನಿಲ್ಲಿಸಿದ್ದರು. ಮಾಲೀಕ ಅವಸರ ಮಾಡುತ್ತಿದ್ದ. ಹುಡುಗ ಮೊದಲು ಪೆಟ್ರೋಲಿನ ಒತ್ತಡ ನೋಡಿದ, ನಿಂತ ಪೆಟ್ರೋಲಿನದಲ್ಲ, ಜೆಟ್ಟಿನ ಮೂಲಕ ಡಬ್ಬಿಗೆ ಹರಿಯುತ್ತಿರುವಾಗಿನದು. ಒತ್ತಡ ಕುಸಿದರೆ ನೈಟ್ರಸ್ ತಾನೇ ನಿಲ್ಲುವ ಸ್ವಿಚ್ಚನ್ನು ಎರಡು ಸಲ ಪರೀಕ್ಷಿಸಿದ. ಕೊನೆಗೆ ಸಿಲಿಂಡರಿನ ಮಾಪಕ ನೋಡಿದ. ಮುಳ್ಳು 1,150ರ ಮೇಲಿತ್ತು.

"ಈಗ ಬ್ಯಾಡ್ರೀ ಸಾಹೇಬ್ರ" ಎಂದು ವಾಲ್ವಿನಿಂದ ಕೈ ತೆಗೆದ. ಒಂದು ಗೋಣಿಚೀಲ ನೀರಿನಲ್ಲಿ ಅದ್ದಿ ಸಿಲಿಂಡರಿಗೆ ಸುತ್ತಿದ. ನನ್ನ ಕಡೆ ತಿರುಗಿ, "ಮಾಮೂ, ಚಹಾ ಕುಡದ ಬರೂಣು ಬರ್ರಿ" ಎಂದ. ನಾವು ಚಹಾ ಕುಡಿದು, ಮತ್ತೊಮ್ಮೆ ನೀರು ಚಿಮುಕಿಸಿ, ಮುಳ್ಳು 950ಕ್ಕೆ ಇಳಿಯುವವರೆಗೆ ಅಲ್ಲೇ ಕೂತೆವು.