ದಂಡಾಳಿನ ಉಡುಪು, ಕನ್ನಡದ ಮಾತು
(ಸೂಡಿಯ ಸಭೆಯಲ್ಲಿ ಮಾಡಿದ ಭಾಷಣ)



ನಾವಿಂದು ಕೂಡಿರುವ ಸೂಡಿಯು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತು. ಆ ನಾಡನ್ನಾಳಿದ ಅಕ್ಕಾದೇವಿಯನ್ನು ಶಾಸನಗಳು ‘ಗುಣದಬೆಡಂಗಿ’ ಎಂದು ಕೊಂಡಾಡುವವು. 1047ರಲ್ಲಿ ಆಕೆಯು ಗೋಕಾಗೆಯ ಕೋಟೆಯನ್ನು ಮುತ್ತಿದಳು. ಅವಳ ದಂಡಾಳುಗಳ ಉಡುಪಿಗೆ ಕನ್ನಡದಲ್ಲಿ ಹೆಸರುಗಳಿದ್ದವು. ಅವನ್ನು ಇಂದು ಹೇಳಬಲ್ಲವರು ವಿರಳ.

‘ಜೋಡು’ ಎಂಬ ಮಾತನ್ನೇ ನೋಡಿರಿ. ನಿಮ್ಮೂರ ಜೋಡು ಕಳಸದ ಗುಡಿಯಲ್ಲಿ ಅದಕ್ಕೆ ಎರಡು ಎಂದರ್ಥ. ಗದುಗಿನ ಕುಮಾರವ್ಯಾಸನ ಕಾಳಗದಲ್ಲಿ ಯೋಧನು ತೊಡುವ ಜೋಡು ಕವಚವಾಗಿರುವದು. ನಮ್ಮ ಧಾರವಾಡದ ಕಡೆಯಲ್ಲಿ ಜೋಡೆಂದರೆ ಕಾಲ್ಮೆಟ್ಟು ಮಾತ್ರ. ಮೈಗಾಪಿನ ಅರ್ಥವು ಮರೆತೇ ಹೋಗಿದೆ. ‘ಸೀಸಕ’ವು ಸಂಸ್ಕೃತದ ಶೀರ್ಷಕದ ತದ್ಭವ, ತಲೆಯನ್ನು ಕಾಯುವ ಲೋಹದ ಟೊಪ್ಪಿಗೆ. ‘ಕಾಸೆ’ಯೆಂದರೆ ಕಚ್ಚೆ. ಆ ಕಾಸೆಯು ವೀರಭದ್ರನ ಭಕ್ತರು ಕುಣಿಯುವ ‘ವೀರಗಾಸೆ’ಯ ಹೆಸರಿನಲ್ಲಿ ಇನ್ನೂ ಬದುಕಿದೆ.

ಬಳಿಕ ಬಹಮನಿ, ಆದಿಲಶಾಹಿ, ಮರಾಠಾ, ಇಂಗ್ಲೀಷ ದಂಡುಗಳು ಈ ನೆಲವನ್ನು ತುಳಿದವು. ಅವರ ಮಾತುಗಳೂ ಬಂದವು. ಪಾರಸಿಯಲ್ಲಿ ಮುಖವೊರೆಸುವ ಬಟ್ಟೆಯಾಗಿದ್ದ ‘ರುಮಾಲು’ ನಮ್ಮಲ್ಲಿ ತಲೆಗೇರಿ ಪಾಗೆಯಾಯಿತು. ‘ಖಾಕಿ’ಯೂ ಪಾರಸಿಯದೇ, ಖಾಕ್ ಎಂದರೆ ಧೂಳು. 1846ರಲ್ಲಿ ಪೆಶಾವರದಲ್ಲಿ ಕಟ್ಟಿದ ಗೈಡ್ಸ್ ಪಡೆಯು ಈ ಧೂಳುಬಣ್ಣದ ಉಡುಪನ್ನು ತೊಟ್ಟಿತು. ಮುಂದೆ ಜಗತ್ತಿನ ಅನೇಕ ಸೈನ್ಯಗಳು ಅದನ್ನು ಅನುಸರಿಸಿದವು. ನಮ್ಮ ದೇಶದ ‘ಪಟ್ಟಿ’ಯಾದರೋ ಇಂಗ್ಲೀಷ ಸಿಪಾಯಿಗಳ ಮೊಣಕಾಲ ಕೆಳಗೆ ಸುತ್ತಿಕೊಂಡು 1914ರ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳನ್ನು ಸೇರಿತು. ಆದುದರಿಂದ ಪರರ ಮಾತನ್ನು ಕೊಳ್ಳುವದು ಹೀನವಲ್ಲ. ಇಂಗ್ಲೀಷರೇ ನಾಚದೆ ಕೊಂಡಿರುವರು. ಕೊಂಡ ಬಳಿಕ ತನ್ನದನ್ನು ಹೊರಗೆಸೆಯುವದೇ ಹೀನ.

ಉಡುಪಿಗೂ ಸ್ವಾಭಿಮಾನಕ್ಕೂ ನಂಟುಂಟು. ಡಾಕ್ಟರ ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳದ ಸ್ವಯಂಸೇವಕರು ಖಾದಿ ತೊಟ್ಟು ಸಾಲಾಗಿ ನಡೆದಾಗ, ಶಿಸ್ತು ಸರಕಾರದ ಖಾಕಿಯ ಸ್ವತ್ತಲ್ಲವೆಂದು ಜನರು ಕಣ್ಣಾರೆ ಕಂಡರು.

ಮುಂಬಯಿ, ಮದ್ರಾಸ, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದಿದ್ದ ಕನ್ನಡ ನಾಡು 1956ನೆಯ ನವೆಂಬರ 1ರಂದು ಬಹುಮಟ್ಟಿಗೆ ಒಂದಾಯಿತು. ನೆಲವು ಕೂಡಿತು, ಮಾತಿನ ಭಂಡಾರವು ಇನ್ನೂ ಕೂಡಬೇಕಾಗಿದೆ. ಕೊಡಗಿನವರು ಇಂದಿಗೂ ತೊಡುವ ಕುಪ್ಯ, ನಡುವಿಗೆ ಸುತ್ತುವ ಚೇಲೆ ಇವುಗಳ ಹೆಸರನ್ನು ರೋಣದ ಬಾಲಕನು ಅರಿಯಬೇಡವೇ? ನಮ್ಮ ವೀರಗಾಸೆಯ ಅರ್ಥವನ್ನು ಮಡಿಕೇರಿಯ ಬಾಲಕನು ತಿಳಿಯಬೇಡವೇ?

ಉಪಾಧ್ಯಾಯರಲ್ಲಿ ನಮ್ಮ ಬಿನ್ನಹವಿಷ್ಟೇ. ಮಕ್ಕಳನ್ನು ಸಮೀಪದ ವೀರಗಲ್ಲಿನ ಬಳಿಗೆ ಕರೆದೊಯ್ಯಿರಿ. ವೀರನ ತಲೆಯಲ್ಲೇನು, ನಡುವಿನಲ್ಲೇನು ಎಂದು ಕೇಳಿರಿ. ಊರ ಹಿರಿಯರ ಬಾಯಲ್ಲಿ ಉಳಿದಿರುವ ಹೆಸರುಗಳನ್ನು ಬರೆಯಿಸಿ ಶಾಲೆಯಲ್ಲಿ ಕಾದಿಡಿರಿ. ದೊಡ್ಡ ಕೆಲಸಕ್ಕೆ ಹೊರಟಾಗ ‘ಟೊಂಕ ಕಟ್ಟಿರಿ’ ಎನ್ನುವದು ನಮ್ಮ ವಾಡಿಕೆ. ಈ ಕೆಲಸಕ್ಕೂ ಟೊಂಕ ಕಟ್ಟಿರೆಂದು ಬೇಡಿಕೊಂಡು ಎರಡು ಮಾತು ಮುಗಿಸುವೆವು.